ಅಮ್ಮನ ಹೆಸರಿನ ಸೂಜಿ

ನಮ್ಮ ಬೀದಿಯವರು ಬಹಳ ಬುದ್ಧಿವಂತರು. ಯುದ್ಧ ಮುಗಿದ ಮರುವರ್ಷ, ಚಳಿ ಶುರುವಾಗುತ್ತಲೇ, ಪ್ಲೇಗಿನ ಸೂಜಿ ಹಾಕುವ ಡಾಕ್ಟರು ದೊಡ್ಡಬಳ್ಳಾಪುರಕ್ಕೆ ಬಂದು ಛತ್ರದ ಜಗಲಿಯ ಮೇಲೆ ಮೇಜು ಹಾಕಿದಾಗ ಆ ಬುದ್ಧಿ ಎಷ್ಟೆಂದು ತಿಳಿಯಿತು. ಎಲ್ಲರಿಗಿಂತ ಬುದ್ಧಿವಂತ ನಾನು.

ತಮಟೆ ಹೊಡೆದು ಸಾರಿದ್ದು ಇಷ್ಟು: ಸೂಜಿ ಹಾಕಿಸಿಕೊಂಡ ಚೀಟಿ ಇದ್ದವರು ಮನೆಯಲ್ಲೇ ಇರಬಹುದು. ಇಲ್ಲದವರು ಬಾಶೆಟ್ಟಿಹಳ್ಳಿ ಕಡೆಯ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಚಳಿಗಾಲ ಕಳೆಯಬೇಕು. ರೈತರಿಗೇನು, ಎತ್ತು ಬಿಚ್ಚಿಕೊಂಡು ಹೊರಡುತ್ತಾರೆ. ನಮ್ಮದು ಗುಂಡಿಮಗ್ಗ. ನೆಲ ಅಗೆದು, ಗುಂಡಿಯೊಳಗೆ ಕಾಲಿಳಿಸಿ ಕೂತು ನೇಯುವುದು. ಮಗ್ಗ ಬಿಚ್ಚಬಹುದು, ಗುಂಡಿಯನ್ನು ಯಾವ ಗಾಡಿಗೆ ಹೇರುವುದು? ಹಾಗಾಗಿ ಚೀಟಿ ಬೇಕೇ ಬೇಕು. ಸೂಜಿ ಮಾತ್ರ ಬೇಡ. ಸೂಜಿ ಬಿದ್ದ ತೋಳು ಎರಡು ದಿನ ಊದಿಕೊಳ್ಳುತ್ತದೆ, ಜ್ವರ ಬರುತ್ತದೆ, ಲಾಳಿ ಎಸೆಯಲು ಆಗುವುದಿಲ್ಲ. ನನ್ನ ಮಗ್ಗದ ಮೇಲೆ ಯಾರದೋ ಮದುವೆ ಸೀರೆ ಅರ್ಧಕ್ಕೆ ನಿಂತಿತ್ತು.

ಹಿಂದಿನ ವರ್ಷ ಎಲ್ಲರೂ ಹಾಕಿಸಿಕೊಂಡಿದ್ದೆವು. ಪ್ಲೇಗು ನಮ್ಮ ಬೀದಿಗೆ ಕಾಲಿಡಲಿಲ್ಲ.

“ನೋಡಿದ್ರೇನ್ರಪ್ಪಾ, ಸುಮ್ನೆ ತೋಳು ಊದಿಸ್ಕೊಂಡ್ವಿ,” ಎಂದರು ಎದುರುಮನೆಯ ನರಸಿಂಹಯ್ಯನವರು. ಅವರು ಬೀದಿಗೆ ಹಿರಿಯರು. ಬರದೇ ಇದ್ದದ್ದು ಸೂಜಿಯಿಂದಲೇ ಇರಬಹುದಲ್ಲ ಎಂದು ಯಾರೂ ಕೇಳಲಿಲ್ಲ. ಒಪ್ಪದವಳು ನನ್ನ ಅಮ್ಮ ಅಕ್ಕಯ್ಯಮ್ಮ ಒಬ್ಬಳೇ.

“ಹೋದ ವರ್ಷದ್ದು ಹೋದ ವರ್ಷಕ್ಕೇ ಮುಗೀತು ಕಣೋ ಆದಿ. ಅದು ವರ್ಷಾವರ್ಷಾ ಹಾಕ್ಸ್ಕೋಬೇಕಂತೆ, ಡಾಕ್ಟ್ರೇ ಹೇಳಿದ್ರು. ನಾನು ಹೋಗ್ಬರ್ತೀನಿ.”

“ನೀನು ಮಲಗಿದ್ರೆ ಕಂಡಿಕೆ ಸುತ್ತೋರು ಯಾರು? ಸತ್ತಿರೋ ತಾತ ಎದ್ದು ಬರ್ತಾನಾ?” ಎಂದೆ. ಅಮ್ಮ ರಾಟೆಯಲ್ಲಿ ನೂಲನ್ನು ಕಂಡಿಕೆಗೆ ಸುತ್ತಿ ಕೊಡದಿದ್ದರೆ ನನ್ನ ಲಾಳಿ ಬರಿದು.

ದಾರಿ ತೋರಿಸಿದವರೂ ನರಸಿಂಹಯ್ಯನವರೇ. “ನಿಮ್ಮ ಮಾವ ಇದಾನಲ್ಲೋ. ಅವನ ತೋಳು ಇದ್ರೂ ಒಂದೇ, ಇಲ್ದಿದ್ರೂ ಒಂದೇ.”

ಮಾವ ಕೋದಂಡರಾಮಯ್ಯ, ಅಮ್ಮನ ತಮ್ಮ. ಮಗ್ಗಕ್ಕೆ ಕೂರುವವನಲ್ಲ, ಊಟಕ್ಕೆ ಕೂರುವವನು. ತನ್ನ ಹೆಸರಿಗೆ ಒಂದು ಸೂಜಿ ಹಾಕಿಸಿಕೊಂಡ. ಮುಂದಿನ ವಾರ ಮೀಸೆ ಬೋಳಿಸಿಕೊಂಡು, ಆದಿನಾರಾಯಣಪ್ಪನೆಂದು ನನ್ನ ಹೆಸರು ಹೇಳಿ ಇನ್ನೊಂದು. ಅದರ ಮುಂದಿನ ಶುಕ್ರವಾರ ಹೆಂಗಸರ ಸರದಿ. ನಮ್ಮ ಹೆಂಗಸರು ಪರಗಂಡಸಿಗೆ ತೋಳು ತೋರಿಸುವುದಿಲ್ಲವೆಂದು ಛತ್ರದಲ್ಲಿ ಪರದೆ ಕಟ್ಟಿದ್ದರು. ಹಿಂದೆ ಕೂತು, ಸೀಳಿನಲ್ಲಿ ತೋಳು ಮಾತ್ರ ಚಾಚಬೇಕು. ಅಮ್ಮ ವಿಧವೆ, ಹಾಗಾಗಿ ಬಳೆಯ ತಾಪತ್ರಯವೂ ಇರಲಿಲ್ಲ. ಮಾವ ಅವಳ ಸೀರೆ ಹೊದ್ದು ಹೋಗಿ ಕೂತ.

“ಏನಮ್ಮಾ, ಇಷ್ಟು ಒರಟು ಕೈ?” ಎಂದರಂತೆ ಡಾಕ್ಟರು.

“ಹಗಲೆಲ್ಲಾ ರಾಟೆ ತಿರುಗಿಸ್ತೀನಿ ಸ್ವಾಮೀ,” ಎಂದನಂತೆ ಮಾವ, ಹೆಣ್ಣುದನಿಯಲ್ಲಿ.

ಸಾಲಿನಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಬೀದಿ ಒಂದು ವಾರ ನಕ್ಕಿತು. ನಾನೂ ನಕ್ಕೆ, ನೇಯುತ್ತಾ.

ಮದುವೆ ಸೀರೆ ಮಗ್ಗದಿಂದ ಇಳಿದ ದಿನ ಅಮ್ಮ ನನ್ನನ್ನು ಕೇಳದೆ ತಾನೇ ಛತ್ರಕ್ಕೆ ಹೋದಳು. ಗುಮಾಸ್ತ ಪುಸ್ತಕ ತೆಗೆದು ನೋಡಿದ. “ಅಕ್ಕಯ್ಯಮ್ಮ. ಆಗ್ಲೇ ಹಾಕಿದೆ. ಒಬ್ರಿಗೆ ಎರಡೆರಡು ಹಾಕಕ್ಕಾಗಲ್ಲ, ನಡೀರಿ.” ಅವಳು ನಿಜ ಹೇಳಬಹುದಿತ್ತು. ಹೇಳಿದ್ದರೆ ನನ್ನ ಚೀಟಿಯೂ ಹೋಗುತ್ತಿತ್ತು. ಮನೆಗೆ ಬಂದು ರಾಟೆಯ ಮುಂದೆ ಕೂತಳು.

ಸಂಕ್ರಾಂತಿ ಕಳೆದ ಮೇಲೆ ನಮ್ಮ ಅಟ್ಟದಿಂದ ಒಂದು ಇಲಿ ಸತ್ತು ಬಿತ್ತು. ನಾಲ್ಕನೇ ದಿನ ಅಮ್ಮನಿಗೆ ಜ್ವರ, ತೊಡೆಸಂದಿಯಲ್ಲಿ ಗಡ್ಡೆ. ಬಾಗಿಲ ಬಳಿ ಬರಲು ಬೀದಿಯೆಲ್ಲ ಹೆದರಿತು. ಮಾವ ಒಬ್ಬನೇ ಹೆದರಲಿಲ್ಲ. ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸಿದ. ಮೂರು ದಿನವೂ ಅವನಿಗೆ ಒಂದು ಸೀನೂ ಬರಲಿಲ್ಲ. ಮೂರನೇ ದಿನ ಅಮ್ಮ ಹೋದಳು.

ಎರಡು ದಿನ ಮಗ್ಗ ನಿಲ್ಲಬಾರದೆಂದಿದ್ದವನು ಸೂತಕವೆಂದು ಹನ್ನೊಂದು ದಿನ ನಿಲ್ಲಿಸಿದೆ.

ಹನ್ನೆರಡನೇ ದಿನ ಜಗಲಿಯ ಮೇಲೆ ನರಸಿಂಹಯ್ಯನವರು ನ್ಯಾಯ ಹೇಳುತ್ತಿದ್ದರು. “ಚೀಟಿ ಇದ್ದೋಳೇ ಹೋದ್ಲಲ್ಲಪ್ಪಾ! ಸೂಜಿ ಹಾಕಿಸ್ಕೊಂಡು ಏನ್ ಬಂತು ಸುಖ? ನಾಳೆಯಿಂದ ಛತ್ರದ ಕಡೆ ತಲೆ ಹಾಕ್ಬೇಡಿ.” ಸುತ್ತ ಕೂತವರು ಹೌದು ಹೌದು ಎಂದರು. ಪರದೆಯ ಮುಂದೆ ನಕ್ಕಿದ್ದ ಹೆಂಗಸರೂ ಹೌದು ಎಂದರು!

ನನ್ನ ಮೈ ಉರಿಯಿತು. ಒಳಗೆ ಹೋಗಿ ಮಾವನ ರಟ್ಟೆ ಹಿಡಿದು ಎಳೆದು ತಂದು, ಅಂಗಿಯ ತೋಳು ಮೇಲೆತ್ತಿದೆ.

“ಇಲ್ಲಿದೆ ನೋಡ್ರೀ ನಮ್ಮಮ್ಮನ ಸೂಜಿ! ನಂದೂ ಇಲ್ಲೇ ಇದೆ. ಮೂರು ಜನದ್ದು ತಿಂದು ಗುಂಡುಕಲ್ಲಿನ ಹಂಗೆ ನಿಂತಿದಾನೆ. ನಮ್ಮಮ್ಮಂಗೆ ಬಿದ್ದಿದ್ದು ಚೀಟಿ ಕಣ್ರೀ, ಸೂಜಿ ಅಲ್ಲ. ಅವಳು ಬೇಕು ಅಂದಿದ್ಲು. ಬೇಡ ಅಂದೋನು ನಾನು. ಹೇಳ್ಕೊಟ್ಟೋರು ನೀವು!”

ಮಾವ ತಲೆ ತಗ್ಗಿಸಿದ. ನರಸಿಂಹಯ್ಯನವರು ತಮ್ಮ ಬಲತೋಳನ್ನು ಸವರಿಕೊಳ್ಳುತ್ತಾ ಕೂತಿದ್ದರು. ಅಲ್ಲಿ ಸವರಿಕೊಳ್ಳುವಂಥದ್ದು ಏನೂ ಇರಲಿಲ್ಲ.

“ನಮ್ಮನೇಲೂ ಐದು ಚೀಟಿ ಇದೆ ಕಣಯ್ಯಾ,” ಎಂದರು ಕೊನೆಗೆ. “ಸೂಜಿ ಬಿದ್ದ ತೋಳು ಒಂದೇ.”

ಮರುದಿನ ಛತ್ರದಲ್ಲಿ ನನ್ನ ಚೀಟಿಯನ್ನು ಗುಮಾಸ್ತನ ಮೇಜಿನ ಮೇಲೆ ಹರಿದು ಹಾಕಿದೆ. ಅವನು ಬೈದ. ಬೈಯಲಿ. ಡಾಕ್ಟರು ನನ್ನ ಮುಖ ನೋಡಿ, ಹಿಂದೆ ನಿಂತಿದ್ದ ಸಾಲನ್ನೂ ನೋಡಿ, ಏನೂ ಕೇಳದೆ ಸೂಜಿ ಹಾಕಿದರು. ನನ್ನ ಹಿಂದೆ ನರಸಿಂಹಯ್ಯನವರೂ ಅವರ ಮನೆಯಲ್ಲಿ ಸೂಜಿ ಬೀಳದೆ ಉಳಿದ ಮೂವರೂ ಇದ್ದರು.

ತೋಳು ಊದಿತು. ಜ್ವರ ಬಂತು. ಎರಡು ದಿನ ಮಗ್ಗ ನಿಂತಿತು. ಮೂರನೇ ದಿನ ಗುಂಡಿಗಿಳಿದು ಲಾಳಿ ಕೈಗೆತ್ತಿಕೊಂಡೆ. ಅದು ಬರಿದಾಗಿತ್ತು. ಮೂಲೆಯಲ್ಲಿ ಮಾವ ಹುಟ್ಟಿದ ಮೇಲೆ ಮೊದಲ ಸಲ ರಾಟೆಯ ಮುಂದೆ ಕೂತು, ನೂಲು ಕಡಿದುಕೊಳ್ಳುತ್ತಾ, ಗಂಟು ಹಾಕುತ್ತಾ, ಅಮ್ಮನ ಕೆಲಸ ಕಲಿಯುತ್ತಿದ್ದ.