ಸೇತುವೆಯ ಅಡಿಯಲ್ಲಿ ನಿಂತವಳು

ಕಚೇರಿಯಲ್ಲಿ ಅವಳಿಗೆ ‘ಮಿಲಿಮೀಟರ್’ ಎಂದು ಹೆಸರು ಬಿದ್ದಿತ್ತು. ಆಳು ಗಿಡ್ಡ ಎಂಬುದು ಒಂದು ಕಾರಣ. ವಾದಕ್ಕೆ ನಿಂತರೆ ಒಂದು ಮಿಲಿಮೀಟರಿನಷ್ಟೂ ಹಿಂದೆ ಸರಿಯುವವಳಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಅವಳು ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದ ಯಂತ್ರವೂ ಆ ಹೆಸರಿಗೆ ತಕ್ಕದ್ದೇ. ಚಪ್ಪಲಿ ಡಬ್ಬಿಯಷ್ಟು ದೊಡ್ಡ ರೇಡಾರ್, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರುವಂಥದ್ದು. ಅದರಿಂದ ಹೊರಡುವ ಅಲೆಯ ಉದ್ದ ನಾಲ್ಕು ಮಿಲಿಮೀಟರ್ ಕೂಡ ಇಲ್ಲ. ಆ ಅಲೆ ಸೇತುವೆಯ ತೊಲೆಗೆ ಬಡಿದು ಹಿಂತಿರುಗುತ್ತದೆ. ತೊಲೆ ಕೂದಲೆಳೆಯಷ್ಟು ಕದಲಿದರೂ ಮರಳಿ ಬಂದ ಅಲೆಯಲ್ಲಿ ಅದು ಗೊತ್ತಾಗುತ್ತದೆ, ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆರೆ ಇಳಿಯುತ್ತದೆ. ಡಾಕ್ಟರು ಮನುಷ್ಯರ ನಾಡಿ ಹಿಡಿದರೆ ನಾನು ಸೇತುವೆಗಳ ನಾಡಿ ಹಿಡಿಯುತ್ತೇನೆ ಎನ್ನುತ್ತಿದ್ದಳು ಅವಳು.

ಹೊಳೆಯ ಮೇಲಿನ ಹಳೆಯ ಸೇತುವೆಯನ್ನು ಮುಚ್ಚಿ ಒಂದು ಮಳೆಗಾಲ ಕಳೆದಿತ್ತು. ಕಂಬದಿಂದ ಕಂಬಕ್ಕೆ ಒಂದು ಅಂಕಣದಂತೆ ಒಟ್ಟು ಐದು ಅಂಕಣಗಳ ಸೇತುವೆ ಅದು. ಎರಡನೆಯ ಅಂಕಣದ ಕೆಳಗೆ ಉದ್ದಕ್ಕೂ ಒಂದು ಬಿರುಕು ಕಂಡಿತ್ತು. ಯಾರೋ ಅದರ ಫೋಟೊ ತೆಗೆದು ಊರಿಗೆಲ್ಲ ಹಂಚಿದ್ದರು. ಮರುದಿನವೇ ಮುಖ್ಯ ಎಂಜಿನಿಯರ್ ಬಂದು ಎರಡೂ ಬದಿಗೆ ಕಾಂಕ್ರೀಟ್ ದಿಮ್ಮಿ ಇಡಿಸಿ, ಇಡೀ ಸೇತುವೆಯನ್ನು ಕೆಡವಲು ಶಿಫಾರಸು ಮಾಡಿದರು. ಹೊಸದು ಕಟ್ಟಲು ವರ್ಷಗಳೇ ಬೇಕು. ಆಚೆ ದಡದವರಿಗೆ ಆಸ್ಪತ್ರೆ, ಶಾಲೆ, ಮಾರುಕಟ್ಟೆ ಎಲ್ಲವೂ ಈಚೆ ದಡದಲ್ಲಿ. ಅವರಿಗೆ ಉಳಿದದ್ದು ದೋಣಿ, ಇಲ್ಲವೇ ಬೆಟ್ಟ ಸುತ್ತಿ ಬರುವ ದಿನಪೂರ್ತಿಯ ದಾರಿ.

ಆಚೆ ದಡದಲ್ಲೇ ಮಿಲಿಮೀಟರಿನ ಅಮ್ಮನ ಮನೆಯೂ ಇತ್ತು. ಗಂಡ ತೀರಿಕೊಂಡ ಮೇಲೆ ಅವನ ಲಾರಿಯನ್ನು ಮಾರದೆ ತಾನೇ ಸ್ಟಿಯರಿಂಗ್ ಹಿಡಿದ ಹೆಂಗಸು ಆಕೆ. ‘ಹೆಂಗಸಿಗೇಕೆ ಈ ಉಸಾಬರಿ’ ಎಂದ ಮೈದುನನಿಗೆ, ‘ಡೀಸೆಲ್ಲಿಗೆ ಗಂಡು ಹೆಣ್ಣು ಅನ್ನೋದು ಗೊತ್ತಿಲ್ಲಪ್ಪ, ಹಾಕಿದ್ರೆ ಓಡುತ್ತೆ’ ಎಂದು ಬಾಯಿ ಮುಚ್ಚಿಸಿದ್ದಳು. ಜಲ್ಲಿ, ಮರಳು, ಸಿಮೆಂಟು ಸಾಗಿಸಿಯೇ ಮಗಳನ್ನು ಓದಿಸಿದ್ದಳು.

ಕೆಡವುವ ಮುನ್ನ ಯಾವುದಾದರೊಂದು ಪ್ರಯೋಗಾಲಯದ ಅಳತೆ ಬೇಕೆಂದು ಮೇಲಿನವರು ಕೇಳಿದ್ದರಿಂದ ಮಿಲಿಮೀಟರಿಗೆ ಕರೆ ಬಂತು. ಮುಖ್ಯ ಎಂಜಿನಿಯರ್ ತಮ್ಮ ಕೋಣೆಯಲ್ಲಿ ಕೂರಿಸಿ ಕಾಫಿ ತರಿಸಿದರು. ಎತ್ತರದ ಆಳು, ಅಂಗಿಯ ಜೇಬಿನಲ್ಲಿ ಯಾವಾಗಲೂ ಮಾತ್ರೆಯ ಪಟ್ಟಿ.

‘ಒಂದೆರಡು ದಿನದ ಕೆಲಸ ಅಷ್ಟೇ ಮೇಡಂ. ಅಳೆದು, ಅಪಾಯ ಇದೆ ಅಂತ ಹೇಳಿಬಿಡಿ.’

‘ಅಳೆಯೋದು ನನ್ನ ಕೆಲಸ ಸಾರ್. ಏನು ಹೇಳಬೇಕು ಅನ್ನೋದು ಸೇತುವೆ ಕೆಲಸ.’

ಅವಳು ಒಂದು ವಾರ ಹೊಳೆಯ ಮರಳಿನ ಮೇಲೆ ಕಳೆದಳು. ಗಾಳಿ ಬೀಸಿದಾಗ, ಬಿಸಿಲೇರಿದಾಗ ಪ್ರತಿಯೊಂದು ಅಂಕಣ ಹೇಗೆ ಮಿಡಿಯುತ್ತದೆ ಎಂದು ನೋಡಿದಳು. ಬಿರುಕು ಬಿಟ್ಟದ್ದು ಹೊರಗಿನ ಗಾರೆಯ ಪದರ ಮಾತ್ರ. ಒಳಗಿನ ತೊಲೆ ಗಟ್ಟಿಯಾಗಿಯೇ ಇತ್ತು, ಅದರ ಕಂಪನದಲ್ಲಿ ಬಲ ಕುಂದಿದ ಲಕ್ಷಣವೇ ಇರಲಿಲ್ಲ.

ವಿಷಯ ಕೇಳಿ ಮುಖ್ಯ ಎಂಜಿನಿಯರ್ ಕುರ್ಚಿಯಿಂದ ಎದ್ದರು. ‘ಗಾಳಿಗೆ ಅಲ್ಲಾಡಿದ್ದನ್ನ ನೋಡಿ ಲಾರಿ ಬಿಡೋಕಾಗುತ್ತಾ?’

‘ಅದಕ್ಕೇ ಲಾರಿ ಬಿಟ್ಟೇ ನೋಡೋಣ ಅಂತಿದ್ದೀನಿ. ಮೊದಲು ಖಾಲಿ ಲಾರಿ, ಆಮೇಲೆ ಭಾರ ಹಾಕಿ. ಭಾರಕ್ಕೆ ತೊಲೆ ಬಾಗಲೇಬೇಕು. ಲಾರಿ ಹೋದಮೇಲೆ ಮೊದಲಿನ ಜಾಗಕ್ಕೆ ಬಂದು ನಿಂತ್ರೆ ಅದು ಗಟ್ಟಿ. ಬರಲಿಲ್ಲ ಅಂದ್ರೆ ನಾನೇ ಕೆಡವಿ ಅಂತೀನಿ.’

‘ನೋಡಮ್ಮ,’ ಎಂದರು ಅವರು, ದನಿ ತಗ್ಗಿತ್ತು. ‘ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಾಲುಸೇತುವೆ ಬಿತ್ತು. ಹಿಂದಿನ ವಾರವಷ್ಟೇ ನಾನು ಅದರ ಮೇಲೆ ಓಡಾಡಿ, ಏನೂ ಆಗಿಲ್ಲ ಅಂದಿದ್ದೆ. ಹೆಣ ಎತ್ತೋಕೂ ನಾನೇ ಹೋಗಿದ್ದೆ. ಮುಚ್ಚಿದ ಸೇತುವೆ ಯಾರನ್ನೂ ಕೊಲ್ಲಲ್ಲ.’

‘ಕೊಂದಿದೆ ಸಾರ್. ಆಚೆ ದಡದ ಬೇಕರಿಯವರಿಗೆ ಎದೆನೋವು ಬಂದಾಗ ದೋಣಿಯಲ್ಲಿ ಹಾಕ್ಕೊಂಡು ಹೊರಟ್ರು. ನಡುಹೊಳೆಯಲ್ಲೇ ಹೋಗಿಬಿಟ್ರು. ಆ ದೋಣಿ ಈ ಸೇತುವೆಯ ನೆರಳಿನಲ್ಲೇ ಇತ್ತು.’

ಅವರು ಜೇಬಿನಿಂದ ಮಾತ್ರೆಯೊಂದನ್ನು ತೆಗೆದು ನುಂಗಿದರು. ಕಡೆಗೆ, ‘ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋನು ಅಂದ್ಕೊಂಡಿದ್ದೀರಿ ನನ್ನ,’ ಎಂದರು. ‘ಆಗಲಿ. ಇದರ ಮೇಲೆ ಲಾರಿ ಹತ್ತಿಸೋ ಡ್ರೈವರ್ ಸಿಕ್ಕಿದ್ರೆ ಪರೀಕ್ಷೆ ಮಾಡಿ.’ ಸಿಗಲಾರ ಎಂಬ ನಂಬಿಕೆಯಿಂದಲೇ ಅವರು ಒಪ್ಪಿದ್ದರು.

ಅವರ ಎಣಿಕೆ ತಪ್ಪಲಿಲ್ಲ. ಲಾರಿ ನಿಲ್ದಾಣದಲ್ಲಿ ಅವಳು ಯಂತ್ರ ತೋರಿಸಿ, ಗೆರೆ ತೋರಿಸಿ ವಿವರಿಸಿದಳು. ಡ್ರೈವರುಗಳು ಮರ್ಯಾದೆಯಿಂದಲೇ ಕೇಳಿದರು. ಕೊನೆಗೆ ಅವರಲ್ಲಿ ಹಿರಿಯವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೇಳಿದ: ‘ಅಕ್ಕಾ, ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋದು ಅಂದ್ರೆ ಇದೇ. ನಾವು ಮೇಲೆ, ನೀವು ದಡದಲ್ಲಿ.’

ಆ ಮಾತು ಅವಳಿಗೆ ಚುಚ್ಚಿತು. ನಿಜವಿದ್ದುದರಿಂದಲೇ ಚುಚ್ಚಿತು. ‘ದಡದಲ್ಲಿ ಅಲ್ಲ,’ ಎಂದಳು. ‘ಯಂತ್ರ ಇಡೋದು ತೊಲೆಯ ನೇರ ಕೆಳಗೆ. ಅದರ ಪಕ್ಕ ನಾನಿರ್ತೀನಿ. ಬಿದ್ರೆ ಮೊದಲು ನನ್ನ ತಲೆ ಮೇಲೆ.’

ಆದರೂ ಯಾರೂ ಮುಂದೆ ಬರಲಿಲ್ಲ. ಮಾತು ಮಾತ್ರ ದೋಣಿ ಹತ್ತಿ ಹೊಳೆ ದಾಟಿತು. ಸಂಜೆಯ ಹೊತ್ತಿಗೆ ಅಮ್ಮನ ಫೋನು.

‘ಏನೇ, ಊರಿನ ಡ್ರೈವರುಗಳನ್ನೆಲ್ಲ ಕೇಳಿದೆಯಂತೆ. ನಾನೇನು ಲೈಸೆನ್ಸ್ ಗೋಡೆಗೆ ನೇತು ಹಾಕಿದ್ದೀನಾ?’

‘ಅಮ್ಮಾ, ನಿನ್ನ ಹೇಗೆ ಕೇಳಲಿ?’

‘ಬಾಯಲ್ಲಿ. ನಿನ್ನ ಯಂತ್ರ ಏನನ್ನುತ್ತೆ?’

‘ತಡೆಯುತ್ತೆ ಅನ್ನುತ್ತೆ.’

‘ಯಂತ್ರ ಬಿಡು. ನೀನೇನಂತೀಯ?’

ಅವಳು ಉತ್ತರಿಸುವ ಮುನ್ನ ಎಲ್ಲವನ್ನೂ ಇನ್ನೊಮ್ಮೆ ಮನಸ್ಸಿನಲ್ಲಿ ತೂಗಿ ನೋಡಿದಳು. ಬೇರೆಯವರ ತಾಯಿಯಾಗಿದ್ದರೂ ಇದೇ ಉತ್ತರ ಕೊಡುತ್ತಿದ್ದೆನೇ ಎಂದು ಕೇಳಿಕೊಂಡಳು. ‘ತಡೆಯುತ್ತೆ ಅಮ್ಮ,’ ಎಂದಳು.

‘ಹಾಗಾದ್ರೆ ಬ್ಯಾಟರಿ ಚಾರ್ಜಿಗೆ ಹಾಕ್ತೀನಿ. ಲಾರಿ ನಿಂತು ನಿಂತು ಸುಸ್ತಾಗಿದೆ ಪಾಪ.’

ಪರೀಕ್ಷೆಯ ಬೆಳಿಗ್ಗೆ ಈಚೆ ದಡದಲ್ಲಿ ಜನ ಕಿಕ್ಕಿರಿದಿದ್ದರು. ಮುಖ್ಯ ಎಂಜಿನಿಯರ್ ಹೆಲ್ಮೆಟ್ ಹಾಕಿಕೊಂಡು ದಂಡೆಯ ಕಲ್ಲಿನ ಬಳಿ ನಿಂತರು. ‘ದಡದಿಂದಲೇ ನೋಡಬಹುದಲ್ಲ, ಯಂತ್ರದ ಪಕ್ಕ ನಿಲ್ಲೋ ಅಗತ್ಯ ಏನು?’ ಎಂದು ಗದರಿದರು. ಅಗತ್ಯ ಏನೂ ಇರಲಿಲ್ಲ. ಲ್ಯಾಪ್‌ಟಾಪನ್ನು ದಡದಲ್ಲೂ ಇಟ್ಟುಕೊಳ್ಳಬಹುದಿತ್ತು. ‘ಅಮ್ಮ ಮೇಲಿರ್ತಾಳೆ ಸಾರ್,’ ಎಂದಷ್ಟೇ ಹೇಳಿ ಅವಳು ಸೇತುವೆಯ ಅಡಿಗೆ ನಡೆದಳು.

ಆಚೆ ಬದಿಯ ದಿಮ್ಮಿಗಳನ್ನು ಸರಿಸಿದ್ದರು. ಖಾಲಿ ಲಾರಿ ಅಲ್ಲಿಂದ ಹೊರಟು ಅಂಕಣ ಅಂಕಣಕ್ಕೂ ನಿಂತು ನಿಂತು ಬಂತು. ಹೊಳೆ ಈಗ ನಡುವಿನ ಅಂಕಣದ ಕೆಳಗಷ್ಟೇ ಹರಿಯುತ್ತಿತ್ತು; ಅವಳು ಯಂತ್ರ ಎತ್ತಿಕೊಂಡು, ಅಲ್ಲಿ ಮಾತ್ರ ದೋಣಿ ಹತ್ತಿ, ಉಳಿದೆಡೆ ಮರಳಿನ ಮೇಲೆ ಅದರ ಜೊತೆಜೊತೆಗೆ ಕೆಳಗೆ ಸಾಗಿದಳು. ಐದೂ ಅಂಕಣಗಳು ಬಾಗಿದವು, ಐದೂ ಎದ್ದು ನಿಂತವು. ಅಮ್ಮ ಹಿಂತಿರುಗಿ ಹೋಗಿ ಜಲ್ಲಿ ತುಂಬಿಸಿಕೊಂಡು ಮತ್ತೆ ಬಂದಳು. ಈ ಸಲ ಲಾರಿಯ ಸದ್ದೇ ಬೇರೆಯಾಗಿತ್ತು. ಮೇಲಿನಿಂದ ಸಣ್ಣಗೆ ಧೂಳು ಉದುರಿತು.

ಮೊದಲನೆಯ ಅಂಕಣ ಸಲೀಸಾಗಿ ದಾಟಿತು. ಎರಡನೆಯದರಲ್ಲಿ, ಬಿರುಕಿನ ಅಂಕಣದಲ್ಲಿ, ಗೆರೆ ಇಳಿಯಿತು. ಲಾರಿ ಮುಂದಿನ ಕಂಬದ ಮೇಲೆ ಹೋಗಿ ನಿಂತಿತು. ಗೆರೆ ಏರಿ, ಮೊದಲಿನ ಜಾಗವಾದ ಸೊನ್ನೆಯಲ್ಲಿ ನಿಲ್ಲದೆ ಅದಕ್ಕಿಂತ ಮೇಲೆ ಹೋಗಿಬಿಟ್ಟಿತು.

ತೊಲೆ ತನ್ನ ಜಾಗಕ್ಕೆ ಮರಳಿಲ್ಲ ಎಂದರೆ ಒಳಗೆ ಏನೋ ಮುರಿದಿದೆ ಎಂದರ್ಥ. ಅಮ್ಮ ಮೇಲೆ ಒಂಟಿಯಾಗಿದ್ದಾಳೆ.

‘ಇಳೀತಾ?’ ಅವಳು ಪರದೆಗೆ ಬಗ್ಗಿ ಹಾಗೇ ನಿಂತದ್ದನ್ನು ಕಂಡು ದಡದಿಂದ ಮುಖ್ಯ ಎಂಜಿನಿಯರ್ ಕೂಗಿದರು. ‘ನಾನು ಹೇಳಲಿಲ್ವಾ! ಅವರನ್ನ ಲಾರಿ ಬಿಟ್ಟು ನಡ್ಕೊಂಡು ಬರೋಕೆ ಹೇಳಿ!’

‘ಅಮ್ಮಾ, ಅಲ್ಲೇ ಇರು,’ ಎಂದಳು ಫೋನಿನಲ್ಲಿ. ‘ಕಂಬದ ಮೇಲಿದ್ದೀಯ, ಭಯ ಇಲ್ಲ.’

‘ಭಯ ನಿನ್ನ ದನಿಯಲ್ಲಿದೆ ಕಣೇ. ನಿಧಾನಕ್ಕೆ ನೋಡು. ನಾನು ಎಲೆ ಅಡಿಕೆ ಹಾಕ್ಕೋತೀನಿ.’

ಅವಳು ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಅದೇ ಅಲೆ ಪಕ್ಕದ ಕಂಬಕ್ಕೂ ಬಡಿದು ಬರುತ್ತಿತ್ತು. ಕಂಬ ಬಂಡೆಯ ಮೇಲೆ ಕೂತದ್ದು, ಕದಲುವಂಥದ್ದೇ ಅಲ್ಲ. ಆ ಗೆರೆಯನ್ನು ಪರದೆಗೆ ತಂದಳು. ಕಂಬವೂ ಅಷ್ಟೇ ಮೇಲೆದ್ದಂತೆ ತೋರಿಸುತ್ತಿತ್ತು! ಕದಲಿದ್ದು ತೊಲೆಯಲ್ಲ, ಕಂಬವೂ ಅಲ್ಲ. ಬಗ್ಗಿ ನೋಡಿದಳು. ಸ್ಟ್ಯಾಂಡಿನ ಕಾಲುಗಳು ಹಸಿ ಮರಳಿನೊಳಗೆ ಮೆಲ್ಲಗೆ ಹೂತುಕೊಳ್ಳುತ್ತಿದ್ದವು. ನೋಡುವವನೇ ಕುಸಿಯುತ್ತಿದ್ದರೆ ನೋಡಿದ್ದೆಲ್ಲ ಮೇಲೆದ್ದಂತೆಯೇ ಕಾಣುತ್ತದೆ.

‘ಕುಸಿದದ್ದು ನನ್ನ ಯಂತ್ರ ಸಾರ್, ಸೇತುವೆ ಅಲ್ಲ!’ ಎಂದು ಕೂಗಿ, ಹೊಳೆಯಿಂದ ಚಪ್ಪಟೆ ಕಲ್ಲುಗಳನ್ನು ಹೊತ್ತು ತಂದು ಸ್ಟ್ಯಾಂಡಿಗೆ ಗಟ್ಟಿ ನೆಲೆ ಮಾಡಿದಳು. ಲಾರಿ ಹಿಂದಕ್ಕೆ ಹೋಗಿ ಮತ್ತೆ ಬಂತು. ಗೆರೆ ಇಳಿಯಿತು, ಏರಿತು, ಸೊನ್ನೆಗೆ ಬಂದು ನಿಂತಿತು. ಊರೆಲ್ಲ ಹೆದರಿದ್ದ ಅಂಕಣ ಪಿಟ್ಟೆನ್ನದೆ ಭಾರ ಹೊತ್ತಿತ್ತು.

ಮೂರನೆಯದೂ, ನಾಲ್ಕನೆಯದೂ ಆದವು. ದಡದ ಜನ ಆಗಲೇ ಕುಣಿಯತೊಡಗಿದ್ದರು. ಕಾಂಕ್ರೀಟ್ ದಿಮ್ಮಿಗಳನ್ನು ಉರುಳಿಸಲು ಹುಡುಗರು ತೋಳೇರಿಸಿ ನಿಂತಿದ್ದರು. ಉಳಿದದ್ದು ಈಚೆ ದಡಕ್ಕೆ ತಾಗಿದ ಐದನೆಯ ಅಂಕಣ ಒಂದೇ.

ಲಾರಿಯ ಮುಂದಿನ ಗಾಲಿಗಳು ಅದರ ಮೇಲೆ ಏರಿದವು. ಗೆರೆ ಇಳಿಯಲಿಲ್ಲ. ಬಿಗಿ ಹಿಡಿದು ನಿಂತಿತು. ಆಮೇಲೆ ಒಮ್ಮೆಲೇ ಧಡಕ್ಕನೆ ಜಿಗಿಯಿತು.

‘ನಿಲ್ಲಿಸು! ಅಮ್ಮಾ, ನಿಲ್ಲಿಸು! ಹಿಂದಕ್ಕೆ ತಗೋ!’

ಖಾಲಿ ಲಾರಿಗೆ ಬಾಯಿ ಬಿಡದಿದ್ದ ದೋಷ ಭಾರಕ್ಕೆ ಬಾಯಿ ಬಿಟ್ಟಿತ್ತು. ಬಿಸಿಲಿಗೆ, ಭಾರಕ್ಕೆ ತೊಲೆಯ ತುದಿ ಅತ್ತಿತ್ತ ಜಾರಲೆಂದು ಕೆಳಗೆ ಇಟ್ಟಿದ್ದ ಬೇರಿಂಗು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಜಾರಬೇಕಾದ್ದು ಜಿಗಿಯುತ್ತಿತ್ತು. ಹೀಗೆ ಜಿಗಿದು ಜಿಗಿದು ಒಂದು ದಿನ ತೊಲೆಯ ತುದಿಯೇ ಒಡೆದೀತು.

‘ನಾಲ್ಕು ದಾಟಿ ಬಂದಿದ್ದೀನಿ. ಹತ್ತು ಹೆಜ್ಜೆ ದೂರದಲ್ಲಿ ರಸ್ತೆ ಕಾಣ್ತಿದೆ,’ ಎಂದಳು ಅಮ್ಮ. ಮೊದಲ ಬಾರಿಗೆ ಅವಳ ದನಿಯಲ್ಲಿ ಸಿಟ್ಟಿತ್ತು. ‘ಇಷ್ಟೊಂದು ಜನದ ಮುಂದೆ ರಿವರ್ಸ್ ಹೋಗ್ಲಾ?’

‘ಹೋಗು. ದಾಟಬಹುದು ಅಂತ ನಾನೇ ಹೇಳಿದ್ದೆ, ಬೇಡ ಅಂತಲೂ ನಾನೇ ಹೇಳ್ತಿದ್ದೀನಿ.’

ದಡದಲ್ಲಿ ಕೂಗು ಎದ್ದಿತು. ‘ಇಷ್ಟು ಹತ್ತಿರ ಬಂದು ಏನಮ್ಮ ನಿನ್ನ ನಾಟಕ!’ ‘ಸಾಹೇಬರ ಕಡೆಯವಳೇ ಬಿಡಿ!’ ಒಬ್ಬನಂತೂ ಮಣ್ಣಿನ ಹೆಂಟೆ ಎಸೆದ. ಅದು ಅವಳ ಭುಜಕ್ಕೆ ತಾಗಿ ಒಡೆಯಿತು. ಅವಳು ತೊಲೆಯ ಅಡಿಯಿಂದ ಕದಲಲಿಲ್ಲ. ‘ಇನ್ನೊಂದು ಎಸೀರಿ,’ ಎಂದು ಕೂಗಿದಳು. ‘ಗೆರೆ ಮಾತ್ರ ಬದಲಾಗಲ್ಲ!’

ಮೇಲೆ ಗೇರು ಕಿರ್‍ರೆಂದಿತು. ಜಲ್ಲಿ ತುಂಬಿದ ಲಾರಿಯನ್ನು ಅಮ್ಮ ಕನ್ನಡಿ ನೋಡುತ್ತ, ನಾಲ್ಕೂ ಅಂಕಣಗಳ ಉದ್ದಕ್ಕೆ, ಒಂದು ಕಡೆಯೂ ಕಟಕಟೆಗೆ ತಾಗಿಸದೆ ಹಿಮ್ಮುಖವಾಗಿ ಓಡಿಸಿಕೊಂಡು ಹೋದಳು. ಕೂಗುತ್ತಿದ್ದ ಡ್ರೈವರುಗಳು ತಮಗೆ ತಿಳಿಯದಂತೆಯೇ ಸುಮ್ಮನಾಗಿ ನೋಡುತ್ತ ನಿಂತರು.

ಮುಖ್ಯ ಎಂಜಿನಿಯರ್ ಪ್ಯಾಂಟು ಮಡಚಿಕೊಂಡು ಮರಳಿಗೆ ಇಳಿದರು. ಏಣಿ ತರಿಸಿ ತಾವೇ ಹತ್ತಿ, ಬೇರಿಂಗಿನ ಮೇಲೆ ಟಾರ್ಚು ಬಿಟ್ಟು ನೋಡಿದರು. ಇಳಿದಾಗ ಅಂಗೈಯೆಲ್ಲ ತುಕ್ಕಿನ ಕೆಂಪು.

‘ಎಲ್ಲರೂ ಎರಡನೇದನ್ನೇ ನೋಡ್ತಿದ್ವಿ,’ ಎಂದರು. ‘ನಾನೂ.’

‘ಜಾಕಿ ಕೊಟ್ಟು ತೊಲೆ ಎತ್ತಿ ಬೇರಿಂಗು ಬದಲಾಯಿಸಿದ್ರೆ ಮುಗೀತು. ಕೆಡವೋದು ಬೇಡ. ಅಲ್ಲೀವರೆಗೆ ನಡೆಯೋರಿಗೆ ಬಿಡಿ.’

‘ಕೆಡವಬೇಕು ಅಂತ ಮೇಲಿನವರಿಗೆ ಹೇಳಿಯಾಗಿದೆ.’

‘ಬೇಡ ಅಂತ ಈಗ ಹೇಳಿ. ನೀವು ಹೇಳದಿದ್ರೆ ನಾನು ಹೇಳ್ತೀನಿ. ನನ್ನ ದನಿ ಸ್ವಲ್ಪ ಜೋರು.’

ಅವರು ಅವಳ ಭುಜದ ಮೇಲಿನ ಮಣ್ಣನ್ನು ನೋಡಿದರು. ‘ಗೊತ್ತು,’ ಎಂದರು.

ಮಾರನೆಯ ದಿನವೇ ನಡೆಯುವವರಿಗೆ ದಾರಿ ತೆರೆಯಿತು. ಆದರೂ ಊರಿನವರು ಕೆಲಕಾಲ ಅವಳೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಲಾರಿಯನ್ನು ಹಿಂದೆ ಕಳಿಸಿದವಳು ಎಂಬ ಮುನಿಸು. ಅವಳು ಅದಕ್ಕೆ ಸೊಪ್ಪು ಹಾಕಲಿಲ್ಲ. ಜಾಕಿಗಳು ಬಂದವು, ಬೇರಿಂಗು ಬದಲಾಯಿತು. ಕೊನೆಯ ಪರೀಕ್ಷೆಗೆ ಈಗ ಡ್ರೈವರುಗಳು ನಾನು ತಾನು ಎಂದು ಮುಂದೆ ಬಂದರು. ‘ಅವತ್ತು ಎಲ್ಲಿದ್ರೋ ಈ ವೀರರು?’ ಎಂದು ಅಮ್ಮ ಅವರನ್ನೆಲ್ಲ ಬದಿಗೆ ಸರಿಸಿ ತಾನೇ ಹತ್ತಿ ಕೂತಳು.

ಲಾರಿ ಐದನೆಯ ಅಂಕಣಕ್ಕೆ ಬರುವಾಗ ಮಿಲಿಮೀಟರಿನ ಪಕ್ಕ ಮರಳಿನಲ್ಲಿ ಇನ್ನೊಬ್ಬರು ಬಂದು ನಿಂತರು. ಮುಖ್ಯ ಎಂಜಿನಿಯರ್. ಹಣೆಯಲ್ಲಿ ಬೆವರು. ಲಾರಿ ತಲೆಯ ಮೇಲೆ ಬಂದಾಗ ಅವರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು.

‘ಏನಾಯ್ತು?’

‘ಬಾಗಿತು. ಎದ್ದು ನಿಂತಿತು. ನೋಡಿ ಸಾರ್, ಸೊನ್ನೆ.’

ಅವರು ಕಣ್ಣು ತೆರೆದು ಪರದೆಯನ್ನೇ ನೋಡಿದರು. ‘ಇನ್ನೊಂದ್ಸಲ ಬರೋಕೆ ಹೇಳ್ತೀರಾ?’ ಎಂದರು. ‘ಈ ಸಲ ಕಣ್ಣು ಬಿಟ್ಟು ನೋಡ್ತೀನಿ.’

ಫೋನಿನಲ್ಲಿ ಅಮ್ಮ ನಕ್ಕಳು. ‘ಬರ್ತೀನಂತ ಹೇಳು. ಆದ್ರೆ ಈ ಸಲ ರಿವರ್ಸ್ ಅಂದ್ರೆ ಇಬ್ಬರನ್ನೂ ಹೊಳೆಗೆ ಹಾಕ್ತೀನಿ.’