ಕೆರೆಯ ಬಾತಿಗೆ ಮಂಡಕ್ಕಿ ಅಳೆದ ಸೇರು

ನಾನು ಮಂಡಕ್ಕಿ ಅಳೆಯುವ ಒಂದು ಕಬ್ಬಿಣದ ಸೇರು. ದಾವಣಗೆರೆಯ ಕಮ್ಮಾರನೊಬ್ಬ ತಗಡು ಬಾಗಿಸಿ, ಕಂಠಕ್ಕೊಂದು ಪಟ್ಟಿ ಬಿಗಿದು ನನ್ನನ್ನು ಮಾಡಿದ. ಅಳತೆ ಇಲಾಖೆಯವರು ಹೊಟ್ಟೆಗೆ ಮುದ್ರೆ ಒತ್ತಿದ ದಿನ ನನಗೆ ಬಂದ ಜಂಬ ಅಷ್ಟಿಷ್ಟಲ್ಲ.

ಅಲ್ಲಿಂದ ಹಾಲಮ್ಮನ ಮಂಡಕ್ಕಿ ಭಟ್ಟಿಗೆ ಬಂದೆ. ಉಪ್ಪುನೀರು ಕುಡಿದ ಅಕ್ಕಿ ಕಾದ ಮರಳಿಗೆ ಬಿದ್ದು ಚಟಪಟನೆ ಅರಳುತ್ತಿತ್ತು. ಹಾಲಮ್ಮನದು ದೊಡ್ಡ ಕೈ. ಗಿರಾಕಿ ಯಾರೇ ಬರಲಿ, ನನ್ನ ತಲೆಯ ಮೇಲೆ ಗೋಪುರ ಏಳುವವರೆಗೂ ತುಂಬುವಳು. ಇವಳಿಗೆ ಅಳತೆ ಯಾಕಪ್ಪಾ ಬೇಕು ಎಂದು ನಾನು ಒಳಗೊಳಗೇ ಗೊಣಗುತ್ತಿದ್ದೆ.

ಆಮೇಲೆ ತೂಕದ ಮಷಿನ್ ಬಂತು. ನನ್ನ ಕಥೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಬೇರೆ ಕೆಲಸ ಸಿಕ್ಕಿತು. ಭಾನುವಾರ ಸಂಜೆ ಮನೆಮಂದಿ ಆಟೋದಲ್ಲಿ ಕೆರೆ ಪಾರ್ಕಿಗೆ ಹೊರಟರೆ, ಬಾತುಗಳ ಪಾಲಿನ ಮಂಡಕ್ಕಿ ಹೊತ್ತು ನಾನೂ ಹೊರಡುತ್ತಿದ್ದೆ. ಮೊಮ್ಮಗಳು ಸಿಂಚನಾ ನನ್ನನ್ನು ಎದೆಗವಚಿಕೊಂಡು ಕೂರುತ್ತಿದ್ದಳು. ನಿಜ ಹೇಳುತ್ತೇನೆ, ಅಷ್ಟು ಸುಖ ನನಗೆ ಭಟ್ಟಿಯಲ್ಲಿ ಸಿಕ್ಕಿರಲಿಲ್ಲ.

ಅವು ಸಾಕಿದ ಬಾತುಗಳಲ್ಲ. ಕೊಕ್ಕಿನ ತುದಿಗೆ ಹಳದಿ ಬಳಿದುಕೊಂಡ ಕಾಡುಬಾತುಗಳು. ಮೊದಮೊದಲು ನಮ್ಮನ್ನು ಕಂಡರೆ ದೂರ ಸರಿದು, ಜೊಂಡಿನ ಬುಡದಲ್ಲಿ ತಲೆ ಮುಳುಗಿಸಿ ಹುಳ, ಪಾಚಿ ಹೆಕ್ಕುತ್ತಿದ್ದವು. ವರ್ಷ ಕಳೆಯುವಷ್ಟರಲ್ಲಿ ನಮ್ಮ ಆಟೋ ಸದ್ದಿಗೇ ದಡಕ್ಕೆ ಓಡಿಬರತೊಡಗಿದವು.

ಆ ಮಳೆಗಾಲ ಒಂದು ತಾಯಿಬಾತು ಏಳು ಮರಿ ಕರೆತಂದಿತು. ಎಲ್ಲಕ್ಕಿಂತ ಮುಂದೆ ನುಗ್ಗಿ ತಿನ್ನುತ್ತಿದ್ದ ಒಂದಕ್ಕೆ ಸಿಂಚನಾ ಗುಂಡ ಎಂದು ಹೆಸರಿಟ್ಟಳು. ಹಾಲಮ್ಮನ ಜೀವವೆಲ್ಲ ಗುಂಡನ ಮೇಲೆ. ವಾರಕ್ಕೊಮ್ಮೆ ಸಾಲದೆಂದು ದಿನಾ ಬರತೊಡಗಿದಳು.

ಮಿಕ್ಕ ಆರು ಮರಿಗಳು ರೆಕ್ಕೆ ಬಡಿದು ಏಳತೊಡಗಿದವು. ಗುಂಡ ಏಳಲಿಲ್ಲ. ಅದರ ಎಡರೆಕ್ಕೆಯ ತುದಿ ಹೊರಕ್ಕೆ ತಿರುಚಿಕೊಂಡು, ಗರಿಗಳು ಮೈಗೆ ಅಂಟದೆ ಸೆಟೆದು ನಿಂತಿದ್ದವು.

"ಅಯ್ಯೋ ನನ್ನಪ್ಪ, ಶಕ್ತಿ ಇಲ್ಲ ಇದಕ್ಕೆ! ಅರ್ಧ ಹೊಟ್ಟೀಲಿ ಹೆಂಗ್ ಹಾರ್ತೈತಿ?" ಎಂದಳು ಹಾಲಮ್ಮ.

ಮರುದಿನದಿಂದ ಗುಂಡನಿಗೇ ಎರಡು ಸೇರು. ಹಸಿದವರಿಗೆ ಮಂಡಕ್ಕಿ ಸುರಿದೇ ಬದುಕಿದವಳು, ಅವಳಿಗೆ ತಿಳಿದಿದ್ದ ಮದ್ದು ಅದೊಂದೇ. ಆ ಮಂಡಕ್ಕಿಯ ಉಪ್ಪು ಎಂಥದ್ದೆಂದು ನನಗೆ ಗೊತ್ತಿತ್ತು. ನನ್ನ ಕಬ್ಬಿಣದ ಕಂಠವನ್ನೇ ಅದು ತಿಂದುಹಾಕಿತ್ತು. ಬೇಡ ತಾಯಿ, ಸಾಕು ಎಂದು ಎಷ್ಟು ಕೂಗಿಕೊಂಡರೇನು, ಬಗ್ಗಿಸಿದರೆ ಸುರಿಯುವುದಷ್ಟೇ ನನ್ನ ಹಣೆಬರಹ. ಥೂ, ಇದೂ ಒಂದು ಜನ್ಮವೇ!

ಮಾರ್ಚಿನಲ್ಲಿ ನೀರು ಇಳಿಯಿತು. ಒಂದು ಬೆಳಿಗ್ಗೆ ಬಾತುಗಳೆಲ್ಲ ಬೇರೆ ಕೆರೆಗೆ ಹಾರಿಹೋದವು. ಗುಂಡ ದಡದುದ್ದಕ್ಕೂ ಓಡಿತು, ಒಂದೇ ರೆಕ್ಕೆ ಬಡಿಯಿತು, ಕೆಸರಿಗೆ ಮುಗ್ಗರಿಸಿತು. ಆಚೆ ದಡದಲ್ಲಿ ನಾಯಿಗಳು ಕಾದು ಕುಳಿತಿದ್ದವು.

ವಾಕಿಂಗ್ ಬಂದಿದ್ದ ದನದ ಆಸ್ಪತ್ರೆಯ ಡಾಕ್ಟರಮ್ಮ ನಿಂತು ನೋಡಿದರು. ನನ್ನ ಕಡೆಗೂ ಒಮ್ಮೆ ನೋಡಿದರು.

"ಅಮ್ಮಾ, ದಿನಾ ಇದನ್ನೇ ಹಾಕ್ತಿದ್ರೇನ್ರಿ?"

"ಹೂನ್ರಿ, ನಮ್ದೇ ಭಟ್ಟೀದು. ಕಲಬೆರಕಿ ಇಲ್ರಿ."

"ಮಂಡಕ್ಕಿ, ಬ್ರೆಡ್ಡು ಹೊಟ್ಟೆ ತುಂಬಿಸ್ತಾವೆ ಅಷ್ಟೆ. ಬೆಳೆಯೋ ಮರಿಗೆ ಇದೇ ಊಟ ಆದ್ರೆ ರೆಕ್ಕೆ ಹಿಂಗೆ ತಿರುಚಿಕೊಳ್ತೈತ್ರಿ. ಮರಿ ಇದ್ದಾಗ್ಲೇ ರೆಕ್ಕೆನ ಮೈಗೆ ಕಟ್ಟಿದ್ರೆ ಸರಿಹೋಗ್ತಿತ್ತೇನೋ. ಈಗ ಆಗಲ್ಲ. ಹಾಕ್ಲೇಬೇಕು ಅಂದ್ರೆ ಯಾವಾಗ್ಲೋ ಒಂದ್ಸಲ ಒಂದು ಹಿಡಿ ಭತ್ತ ನೀರಿಗೆ ಹಾಕ್ರಿ, ಸಾಕು."

"ನಾನೇ ಕೈಯಾರೆ..." ಎಂದ ಹಾಲಮ್ಮ ನನ್ನೊಳಗಿದ್ದ ಮಂಡಕ್ಕಿಯನ್ನು ಸೆರಗಿಗೆ ಸುರಿದುಕೊಂಡಳು.

ಮರುದಿನ ನನ್ನೊಳಗೆ ಒಂದೇ ಹಿಡಿ ಭತ್ತ. ಅವಳು ಅದನ್ನು ನೀರಿನ ಅಂಚಿಗೆ ಚೆಲ್ಲಿದಳು. ಗುಂಡ ಅದನ್ನು ತುಳಿದುಕೊಂಡೇ ಬಂದು ನನ್ನ ಬರಿ ಹೊಟ್ಟೆಯೊಳಗೆ ಕೊಕ್ಕು ಹಾಕಿ ಟಕಟಕ ಕುಟ್ಟತೊಡಗಿತು.

"ಅಲ್ಲಿ ಐತೋ, ನೀರಾಗ ಐತಿ... ತಿನ್ನೋ ನನ್ನಪ್ಪಾ!"

ಅದು ನೀರಿನ ಕಡೆ ತಿರುಗಿಯೂ ನೋಡಲಿಲ್ಲ. ಹಾಲಮ್ಮ ನನ್ನನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

ಡಾಕ್ಟರಮ್ಮ ಫೋನ್ ಮಾಡಿ ಅರಣ್ಯ ಇಲಾಖೆಯವರನ್ನು ಕರೆಸಿದ್ದರು. ಗುಂಡ ತಪ್ಪಿಸಿಕೊಳ್ಳಲಿಲ್ಲ. ಮನುಷ್ಯರೆಂದರೆ ಅದಕ್ಕೆ ಭಯವೇ ಇರಲಿಲ್ಲ. ಬುಟ್ಟಿಗೆ ಹಾಕುವಾಗಲೂ ಅವರ ಕೈಯಲ್ಲಿ ತಿನ್ನಲು ಏನಿದೆಯೆಂದು ಹುಡುಕಿತು.

ಈಗ ನಾನು ಭಟ್ಟಿಯ ಹಿಂದೆ, ಹರಿದ ಜರಡಿಗಳ ಪಕ್ಕ ತುಕ್ಕು ಹಿಡಿದು ಬಿದ್ದಿದ್ದೇನೆ. ಈ ಮಳೆಗಾಲ ಕೆರೆ ತುಂಬಿತು, ಬಾತುಗಳು ಮರಳಿ ಬಂದು ಮರಿ ಮಾಡಿವೆಯಂತೆ. ಭಾನುವಾರ ಸಿಂಚನಾ ಓಡಿಬಂದು ನನ್ನನ್ನು ಎತ್ತಿಕೊಂಡಳು.

"ಇಟ್ ಬಾರವ್ವ ಅದನ್ನ. ಬರೇ ನೋಡಿ ಬರಾಣ," ಎಂದಳು ಹಾಲಮ್ಮ ಬಾಗಿಲಿಂದಲೇ.

ಸಿಂಚನಾ ನನ್ನನ್ನು ಬೋರಲು ಹಾಕಿ ಹೋದಳು. ನನಗೆ ಸಮಾಧಾನವಾಗಬೇಕಿತ್ತು. ಆದರೆ ಗುಂಡನ ಕೊಕ್ಕು ಬಡಿದ ಜಾಗ ಇನ್ನೂ ನೋಯುತ್ತದೆ.