ಹಗಲಲ್ಲಿ ಎಳೆದ ಟೈರು

ಬೆಳಿಗ್ಗೆ ಬಾಗಿಲು ತೆಗೆದರೆ ಡೊಮಿಟಿಲಾಳ ಅಂಗಳದ ನಡುವೆ ಹಳೆಯ ಟೈರೊಂದು ಬಿದ್ದಿತ್ತು. ಅದರ ಮೇಲೆ ಬಿಳಿ ಬಣ್ಣದಲ್ಲಿ, ಏಸುವನ್ನು ಹಿಡಿದುಕೊಟ್ಟ ದ್ರೋಹಿಯ ಹೆಸರು, ‘ಯೂದಾಸ್’ ಎಂದು ಬರೆದಿದ್ದರು.

ಅವಳು ಅಕ್ಷರವನ್ನು ಆಮೇಲೆ ಓದಿದಳು. ಮೊದಲು ನೋಡಿದ್ದು ನೆಲವನ್ನು. ಅಮೆರಿಕದ ಗಡಿ ಕಾವಲು ಪಡೆಯಲ್ಲಿ ಇಪ್ಪತ್ತಾರು ವರ್ಷ ಹೆಜ್ಜೆ ಓದಿಯೇ ಹೊಟ್ಟೆ ಹೊರೆದವಳು; ನಿವೃತ್ತಿಯಾದರೂ ಚಾಳಿ ಬಿಟ್ಟಿರಲಿಲ್ಲ. ಮೂರು ಜೊತೆ ಗಂಡಸರ ಬೂಟು, ಟೈರನ್ನು ಉರುಳಿಸಿಕೊಂಡು ಬಂದಿವೆ. ಬೇಲಿಯ ಹತ್ತಿರ ಮಾತ್ರ ಹೆಂಗಸಿನ ಚಪ್ಪಲಿ. ಬಲಗಾಲು ಪ್ರತಿ ಹೆಜ್ಜೆಗೂ ಮಣ್ಣನ್ನು ಚೂರು ಗೀರಿದೆ. ಸೊಂಟ ಮುರಿದುಕೊಂಡ ಮೇಲೆ ಹಾಗೆ ನಡೆಯುವವಳು ಊರಿಗೆಲ್ಲ ಒಬ್ಬಳೇ. ಒಳಗೆ ಬಂದಿಲ್ಲ. ನಿಂತು ನೋಡಿದ್ದಾಳೆ.

ಹೊವೀಟಾ. ಅವಳ ಮಗ ಎಫ್ರೆನ್‌ನನ್ನು ದೀಕ್ಷಾಸ್ನಾನದ ದಿನ ತೋಳಲ್ಲಿ ಹಿಡಿದು ನಿಂತವಳು ಡೊಮಿಟಿಲಾ. ಅಂದಿನಿಂದ ಹೆತ್ತತಾಯಿ, ಧರ್ಮತಾಯಿ ಇಬ್ಬರೂ ಒಬ್ಬರಿಗೊಬ್ಬರು ‘ಕೊಮಾದ್ರೆ’, ಒಂದೇ ಮಗುವಿನ ಜೊತೆತಾಯಿ. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಹೆಸರು ಹಿಡಿದು ಕರೆದದ್ದಿಲ್ಲ. ಎಫ್ರೆನ್‌ಗೆ ಈಗ ಹನ್ನೊಂದು ವರ್ಷದ ಜೈಲು. ಕಳೆದದ್ದು ಏಳು ತಿಂಗಳು.

ಕತೆ ಊರಿಗೆಲ್ಲ ಬಾಯಿಪಾಠ. ಎಫ್ರೆನ್ ಮತ್ತು ಅವನ ಜೊತೆಗಾರ, ಇಬ್ಬರೂ ಅದೇ ಗಡಿ ಕಾವಲಿನವರು, ಗಾಂಜಾ ತುಂಬಿದ ವ್ಯಾನು ಬಿಟ್ಟು ನದಿಯ ಕಡೆ ಓಡುತ್ತಿದ್ದವನಿಗೆ ಗುಂಡು ಹೊಡೆದರು. ಅವನು ಗಾಯದಲ್ಲೇ ಮೆಕ್ಸಿಕೋ ದಡ ಸೇರಿದ. ತಿರುಗಿ ಬಂದೂಕು ತೋರಿಸಿದ ಎಂದು ಇವರು ಬರೆದುಕೊಟ್ಟರು. ಸರ್ಕಾರ ಅವನನ್ನೇ ಕ್ಷಮಿಸಿ ಕರೆತಂದು ಸಾಕ್ಷಿ ಹೇಳಿಸಿತು. ಗಾಂಜಾದವನು ಮನೆಗೆ, ಕಾವಲಿನವರು ಜೈಲಿಗೆ! ಪ್ರತಿ ಶನಿವಾರ ಇಗರ್ಜಿಯ ಮುಂದೆ ಧ್ವನಿವರ್ಧಕ ಇದನ್ನೇ ಕೂಗುತ್ತಿತ್ತು. ಹೆಂಗಸರು ಜೋಳದ ಕಡುಬು ಟಮಾಲೆ ಮಾರಿ ವಕೀಲನ ಫೀಸು ಕೂಡಿಸುತ್ತಿದ್ದರು. ಟೆಕ್ಸಸ್ಸಿನ ಮೂಲೆಮೂಲೆಯಿಂದ ಟೀವಿಯವರು ಬರುತ್ತಿದ್ದರು. ಕೂಗಿನಲ್ಲಿ ಸುಳ್ಳಿರಲಿಲ್ಲ. ಡೊಮಿಟಿಲಾಳಿಗೆ ನುಂಗಲಾಗದ್ದು ಅದೇ.

ಅಂದು ರಕ್ತದ ಜಾಡು ಹಿಡಿಯಲು ಕಳಿಸಿದ್ದು ಅವಳನ್ನು. ದಂಡೆಯ ಮಣ್ಣುರಸ್ತೆಯ ಮೇಲೆ ದಿನಾ ಮುಸ್ಸಂಜೆ ಜೀಪಿಗೆ ಟೈರು ಕಟ್ಟಿ ಎಳೆಯುತ್ತಾರೆ, ನಯವಾದ ಮಣ್ಣಿನಲ್ಲಿ ದಾಟಿದವರ ಹೆಜ್ಜೆ ಎದ್ದು ಕಾಣಲಿ ಎಂದು. ಇರುಳು ಹುಳುಗಳು ಓಡಾಡಿ ಆ ನಯದ ಮೇಲೆ ಸೂಜಿಯ ಹೊಲಿಗೆ ಹಾಕಿರುತ್ತವೆ. ಗುಂಡು ಹಾರಿದ ಜಾಗದಲ್ಲಿ ಇನ್ನೂರು ಅಡಿ ಹೊಲಿಗೆಯೇ ಇರಲಿಲ್ಲ. ಯಾರೋ ಹಗಲಲ್ಲಿ ಟೈರು ಎಳೆದು ಏನನ್ನೋ ಅಳಿಸಿದ್ದರು. ಅವಳು ಹಾಗೆಂದೇ ವರದಿ ಬರೆದಳು, ಕೋರ್ಟಿನಲ್ಲೂ ಅದನ್ನೇ ಹೇಳಿದಳು. ಇಬ್ಬರನ್ನೂ ಕೆಡವಿದ್ದು ಆ ಮಾತು.

ಹತ್ತು ಗಂಟೆಗೆ ಹೊವೀಟಾ ಬಂದಳು. ಕೈಯಲ್ಲಿ ಒಂದು ಕಾಗದ.

“ಟೈರು ಚೆನ್ನಾಗಿದೆ. ಯಾರು ಕೊಟ್ರು?”

“ನೀನೇ ಹೇಳು ಕೊಮಾದ್ರೆ. ಬೇಲಿ ಹತ್ರ ನಿಂತಿದ್ಯಲ್ಲ.”

“ನಿಂತಿದ್ದೆ. ಏನೀಗ? ಅದನ್ನೂ ವರದಿ ಬರ್ಕೊಂಡು ಕೋರ್ಟಿಗೆ ಹೋಗು.”

ಡೊಮಿಟಿಲಾ ಕಾಫಿ ಬಗ್ಗಿಸಿದಳು. ಹೊವೀಟಾ ಕಪ್ಪನ್ನು ಪಕ್ಕಕ್ಕೆ ಸರಿಸಿ ಆ ಜಾಗದಲ್ಲಿ ಕಾಗದ ಇಟ್ಟಳು.

“ಒಂದೇ ಸಾಲು. ಗಾಳಿ ಬೀಸಿ ಹುಳದ ಗುರುತು ಅಳಿಸಿರಬಹುದು ಅಂತ. ನಿನ್ನ ರುಜು ಬಿದ್ರೆ ಕೇಸು ಮತ್ತೆ ತೆಗೀತಾರಂತೆ.”

“ಅವತ್ತು ಗಾಳಿ ಇರಲಿಲ್ಲ.”

“ಗಾಳಿ ನಿನ್ನ ಕೇಳಿ ಬೀಸುತ್ತಾ? ಬೀಸ್ತು ಅಂದ್ರೆ ಬೀಸ್ತು!” ಹೊವೀಟಾಳ ದನಿ ಏರಿತು. “ಕಾವಲಿನವನು ಅಂತ ಗೊತ್ತಾದ ದಿನಾನೇ ಒಳಗಿನವರು ಅವನ ದವಡೆ ಮುರಿದ್ರು. ಈಗ ಒಂಟಿ ಕೋಣೆ. ಕೊಳವೆ ಹಾಕಿ ಗಂಜಿ ಕುಡೀತಾನೆ. ನೀನು ತುತ್ತಿಟ್ಟ ಬಾಯಿ ಕಣೇ ಅದು.”

ಡೊಮಿಟಿಲಾ ಕಾಗದವನ್ನು ಅವಳ ಕಡೆಗೇ ಸರಿಸಿದಳು.

“ಹನ್ನೊಂದು ವರ್ಷ ಅನ್ಯಾಯ. ಜಡ್ಜಿಗೆ ಬರೀತೀನಿ. ಇಗರ್ಜಿ ಮುಂದೆ ಮೈಕ್ ಹಿಡಿದು ಹೇಳು ಅಂದ್ರೂ ಹೇಳ್ತೀನಿ. ಆದ್ರೆ ಕಂಡದ್ದನ್ನ ಕಂಡಿಲ್ಲ ಅನ್ನಲ್ಲ.”

“ಮೈಕ್ ಬೇರೆ ಕೇಡು ನಿನಗೆ. ಕಲ್ಲು ಹೊಡೀತಾರೆ. ಮೊದಲ್ನೇದು ನಾನೇ ಹೊಡೀತೀನಿ.” ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು: “ವರದಿ ಬರೆಯೋವಾಗ ಅದು ನಮ್ಮ ಎಫ್ರೆನ್ ಅಂತ ಗೊತ್ತಿತ್ತಾ?”

ಕೋರ್ಟಿನಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಟೈರು ಎಳೆದಾದ ಮೇಲೆ ಜೀಪು ತಿರುಗಿಸಿದ ಜಾಗವನ್ನು ಮುಳ್ಳುಕೊಂಬೆಯಿಂದ ಬೀಸಣಿಗೆಯ ಆಕಾರದಲ್ಲಿ ಗುಡಿಸಿದ್ದರು. ಆ ಕೈಚಳಕ ಡೊಮಿಟಿಲಾಳದೇ. ಕಲಿಸಿದ್ದು ಒಬ್ಬನಿಗೆ ಮಾತ್ರ.

“ಗೊತ್ತಿತ್ತು.”

ಹೊವೀಟಾ ಮೇಜು ಹಿಡಿದುಕೊಂಡಳು. “ಆ ಮಣ್ಣನ್ನ ಕಾಲಲ್ಲಿ ಒಂದ್ಸಲ ಕೆದಕಿದ್ರೆ ಮುಗೀತಿತ್ತು. ಬೂಟಿರಲಿಲ್ವಾ ನಿನಗೆ? ಕಾಲಿರಲಿಲ್ವಾ?”

“ಕೆದಕೋಕೆ ಅಂತ ಕಾಲು ಎತ್ತಿದ್ದೆ ಕೊಮಾದ್ರೆ. ಅಷ್ಟರಲ್ಲಿ ರಸ್ತೆಯಾಚೆ, ಟೈರು ಮುಟ್ಟದ ಕಡೆ, ಗುಂಡು ತಿಂದವನ ಗುರುತು ಕಾಣಿಸ್ತು. ಅವನು ತಿರುಗೇ ಇರಲಿಲ್ಲ. ಬೆನ್ನು ಹಾಕಿ ಓಡಿದ್ದ. ಬಿದ್ದ ಮೇಲೆ ನದಿ ತನಕ ಮಂಡಿ ಊರ್ಕೊಂಡು ತೆವಳಿದ್ದ. ಎರಡೂ ಅಂಗೈ ಅಚ್ಚಾಗಿತ್ತು.”

“ಗಾಂಜಾ ಹೊತ್ತ ಅಂಗೈ!”

“ಹೌದು, ಅದೇ ಅಂಗೈ.”

ಹೊವೀಟಾ ಕಾಗದವನ್ನು ನಾಲ್ಕಾಗಿ ಮಡಚಿ ಎದೆಯೊಳಗೆ ತುರುಕಿಕೊಂಡಳು. ಬಾಗಿಲಲ್ಲಿ ನಿಂತು, ಹೊಸಬರ ಹೆಸರನ್ನು ಉಚ್ಚರಿಸುವಂತೆ ನಿಧಾನವಾಗಿ ಹೇಳಿದಳು:

“ಡೊಮಿಟಿಲಾ. ಅವನು ಸತ್ರೆ ಮಣ್ಣಿಗೂ ಬರಬೇಡ.”

ಗೇಟಿನ ತನಕ ಮಣ್ಣಿನ ದಾರಿಯಿತ್ತು. ಅವಳು ಅದಕ್ಕೆ ಇಳಿಯಲಿಲ್ಲ. ಪಕ್ಕದ ಪಾಪಾಸುಕಳ್ಳಿಯ ಪಾತಿಗೆ ಅಂಚು ಕಟ್ಟಿದ್ದ ನದಿಗಲ್ಲುಗಳ ಮೇಲೆ ಕಾಲಿಟ್ಟಳು. ಮುರಿದ ಸೊಂಟ ಹೊತ್ತು, ಬೇಲಿಯ ತಂತಿ ಹಿಡಿದು, ಕಲ್ಲಿನಿಂದ ಕಲ್ಲಿಗೆ ದಾಟಿದಳು. ಗಡಿ ದಾಟುವ ಜಾಣರು, ಹಿಂದೆ ಬರುವವರಿಗೆ ಗುರುತು ಸಿಗದಿರಲಿ ಎಂದು ಹೀಗೆಯೇ ನಡೆಯುತ್ತಾರೆ. ಒಮ್ಮೆ ಜೋಲಿ ತಪ್ಪಿತು. ಡೊಮಿಟಿಲಾ ಅರಿವಿಲ್ಲದೆ ಒಂದು ಹೆಜ್ಜೆ ಮುಂದಿಟ್ಟಳು. ಹೊವೀಟಾ ತಿರುಗಿ ನೋಡಿದ ನೋಟಕ್ಕೆ ಅಲ್ಲೇ ನಿಂತಳು.

ಹದಿನಾಲ್ಕು ಕಲ್ಲು, ಆಮೇಲೆ ಡಾಂಬರು. ಅಂಗಳದ ಮಣ್ಣಿನಲ್ಲಿ ಅವಳು ಹೋದದ್ದಕ್ಕೆ ಒಂದು ಗೀರೂ ಉಳಿದಿರಲಿಲ್ಲ.